ಬಿಟ್ಟ ಸ್ಥಳ

ಹಲ್ ನಗರದ ಕೌನ್ಸಿಲ್ ಕಚೇರಿ, ಮೂರನೇ ಮಹಡಿ.
ಹೀಟರ್ ಕೆಟ್ಟು ಎರಡು ದಿನ.
ಕೋಟು ಬಿಚ್ಚದೆ ಕೂತು ಹುಡುಕುತ್ತಿದ್ದೇನೆ,
ಚಳಿಗಾಲದ ಗ್ಯಾಸು ಸಹಾಯಧನ
ನಲವತ್ತೊಂದು ಮನೆಗಳಿಗೆ ಯಾಕೆ ಹೋಗಲಿಲ್ಲ ಎಂದು.

ನಿಯಮಗಳ ಕೋಷ್ಟಕ ಬರೆದವಳು ನಾನೇ.
ಬಿಸಿ ಮಾಡುವ ಕೋಣೆ ಎರಡಕ್ಕಿಂತ ಕಡಿಮೆಯೋ, ಕೊಡು.
ಎರಡೋ ಹೆಚ್ಚೋ, ವರಮಾನ ನೋಡು.
ಕೊನೆಯ ಸಾಲಿನ ಮನೆ, ಚೌಕಾಬಾರದ ಮನೆಯಂಥದ್ದು,
ಖಾಲಿ ಬಿಟ್ಟಿದ್ದೆ.
ನಿಯಮದ ಭಾಷೆಯಲ್ಲಿ ಖಾಲಿ ಎಂದರೆ
ಯಾರು ಬಂದರೂ ಸರಿ, ಅಗುಳಿ ಹಾಕಿಲ್ಲ.
ಅದರ ಎದುರಿಗೆ ನನ್ನದೇ ಅಕ್ಷರ: ಇಲ್ಲ.

ಅತ್ತ ಅರ್ಜಿಯೂ ಖಾಲಿ.
ಅಲ್ಲಿ ಖಾಲಿ ಎಂದರೆ ಏನೂ ಇಲ್ಲ.
ಏನಾದರೂ ಸರಿ ಎನ್ನುವ ಖಾಲಿ
ಏನೂ ಇಲ್ಲ ಎನ್ನುವ ಖಾಲಿಯ ಕೈಹಿಡಿದು
ಸಾಲಿನ ತುದಿಗೆ ಕರೆದೊಯ್ದಿತು.
ನಾವು ಕಾಗದ ಕಳಿಸಿದೆವು, ವಿಷಾದಪೂರ್ವಕ.

ಶಾಲೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಬಂದರೆ
ಚುಕ್ಕಿ ಎಣಿಸಿ ಅಕ್ಷರ ಊಹಿಸುತ್ತಿದ್ದೆ.
ಇಲ್ಲಿ ಚುಕ್ಕಿಯೂ ಇಲ್ಲ.
ಸೊನ್ನೆಯಾದರೂ ಇದ್ದಿದ್ದರೆ!
ನಮ್ಮ ಲಿಪಿಯಲ್ಲಿ ಸೊನ್ನೆಗೂ ದನಿಯುಂಟು:
ಅದು ಪಕ್ಕಕ್ಕೆ ಬಂದು ಕೂತರೇ ಕಬ ಕಂಬವಾಗಿ ನಿಲ್ಲುವುದು,
ಗಟೆ ಗಂಟೆಯಾಗಿ ಬಾರಿಸುವುದು.

ಮಧ್ಯಾಹ್ನ, ಬೇಸರಕ್ಕೆ,
ಆ ಖಾಲಿಯ ಉದ್ದ ಅಳೆದೆ.
ಒಂದು, ಎಂದಿತು ಯಂತ್ರ.
ಏನೂ ಇಲ್ಲದ್ದರ ಉದ್ದ ಒಂದು!
ಯಾರೋ ಸ್ಪೇಸ್ ಬಾರ್ ಒತ್ತಿದ್ದಾರೆ,
ಮನೆಮನೆಗೂ ಒಂದೊಂದು ಸಲ.

ಕೆಳಗಿಳಿದು ಹೋದೆ. ಫೋನಿನ ಮೇಜಿನಲ್ಲಿ ಕೀತ್ ಬ್ಲೆಂಕಿನ್,
ನಿವೃತ್ತಿಗೆ ಏಳು ತಿಂಗಳು, ಕುತ್ತಿಗೆಗೆ ಮಫ್ಲರ್.
"ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯೋದಿಲ್ಲವಲ್ಲ,
ಅದಕ್ಕೇ ಒತ್ತಿದೆ.
ಹೆಸಲ್ ರೋಡಿನ ಮಿಸೆಸ್ ಸ್ಟಾಥರನ್ನ ಕೇಳಿದೆ,
ಎಷ್ಟು ಕೋಣೆ ಬಿಸಿ ಮಾಡ್ತೀರಿ ಅಂತ.
ಮಾತಿಲ್ಲ. ಕೆಟಲ್ಲು ಕುದ್ದು ಕ್ಲಿಕ್ ಅಂದದ್ದು ಕೇಳಿಸಿತು.
ಆಮೇಲೆ ಅಂದ್ರು: ಹೋದ ವಾರವೋ, ಈ ವಾರವೋ?
ಸೊನ್ನೆ ಅಂತ ಹೇಗೆ ಒತ್ತಲಿ ಹೇಳಿ,
ಅವರು ಇನ್ನೂ ಲೈನಿನಲ್ಲೇ ಇದ್ದರು."

ಒತ್ತಬೇಕಿತ್ತು, ಕೀತ್.
ಸೊನ್ನೆ ಎರಡಕ್ಕಿಂತ ಕಡಿಮೆ. ಸೊನ್ನೆಗೆ ದುಡ್ಡಿತ್ತು.
ಇದನ್ನು ನಾನು ಆಡಲಿಲ್ಲ.
ಅವರು ಕೊಟ್ಟ ಬಿಸ್ಕತ್ತು ತಿಂದು ಮೆಟ್ಟಿಲು ಹತ್ತಿದೆ.

ಎಲ್ಲ ಸಾಲುಗಳ ನೆತ್ತಿಯ ಮೇಲೆ ಹೊಸ ಸಾಲು ಬರೆದೆ:
ಅಂಚಿನ ಸ್ಪೇಸು ಉಜ್ಜಿ ತೆಗೆ.
ಆಮೇಲೂ ಖಾಲಿಯೋ, ತೀರ್ಮಾನಿಸಬೇಡ,
ಮನುಷ್ಯರ ಕೈಗೆ ಕೊಡು.
ಅರ್ಜಿಯಲ್ಲಿ ಇನ್ನೊಂದು ಉತ್ತರಕ್ಕೆ ಜಾಗ ಮಾಡಿದೆ,
'ವಾರ ವಾರಕ್ಕೂ ಬೇರೆ.'
ಮ್ಯಾನೇಜರು ಕೇಳಿದರು, ಇದು ಸಂಖ್ಯೆಯೋ, ಪದವೋ?
ನಾಳೆ ಹೇಳುತ್ತೇನೆ ಎಂದೆ.

ಮತ್ತೆ ಓಡಿಸಿದಾಗ ನಲವತ್ತು ಅರ್ಜಿ
ಮೆಲ್ಲಗೆ ಎದ್ದು ಕೀತ್ ಬಳಿಗೆ ನಡೆದವು.
ಒಂದು ಮಾತ್ರ ಕದಲಲಿಲ್ಲ.
ಅದರ ಸ್ಪೇಸಿನ ಹಿಂದೆ, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ,
ಯಾರೋ ಒಂದು ಚುಕ್ಕಿ ಇಟ್ಟಿದ್ದರು.
ಒಂದೇ ಚುಕ್ಕಿ. ಒಂದಕ್ಷರದ ಉತ್ತರ.
ಕೀತ್ ತನ್ನದಲ್ಲ ಎಂದರು.

ಸಂಜೆ ಚಿಪ್ಸ್ ಅಂಗಡಿಯಲ್ಲಿ
"ವಿನೆಗರ್?" ಎಂದ ಹುಡುಗ.
ನಾನಿನ್ನೂ ಆ ಚುಕ್ಕಿಯಲ್ಲೇ ಇದ್ದೆ.
ಮೌನಂ ಸಮ್ಮತಿ ಲಕ್ಷಣಂ,
ಅವನಿಗೆ ಯಾರು ಕಲಿಸಿದರೋ,
ಸುರಿದೇ ಬಿಟ್ಟ.

ನದಿಯ ಕಡೆಯಿಂದ ಕುಳಿರ್ಗಾಳಿ.
ನೆನೆದ ಕಾಗದ ಬಿಸಿಯಾಗಿತ್ತು.
ಎರಡೂ ಕೈಯಲ್ಲಿ ಹಿಡಿದುಕೊಂಡು
ಬಸ್ಸಿಗೆ ಕಾದೆ.