ಅರವತ್ತು ಇಂಚಿನ ಟೇಪು

ಹನ್ನೊಂದೂವರೆಗೆ ನನ್ನ ಸರದಿ.
ಬಾಬಿನ್ ಡಬ್ಬಿಗೆ ಒರಗಿಸಿ ಮೊಬೈಲು ನಿಲ್ಲಿಸಿದೆ.
ಮೇಲಿನ ಚೌಕದಲ್ಲಿ ಸಾಹೇಬರ ಹಣೆ, ಹಿಂದೆ ಫ್ಯಾನು.
'ಹಾಸನ ಪೆನ್ಷನ್ ಮೊಹಲ್ಲಾ, ನೂರಾ ಹದಿನೇಳು ಬಾರ್ ಎರಡು.
ಶಮೀಮ್ ತಾಜ್ ಯಾರಮ್ಮ? ಮಾತಾಡಿ.'
ಮಾತಾಡಿದೆ ಎರಡು ನಿಮಿಷ,
ಅಷ್ಟೂ ಮ್ಯೂಟಿನಲ್ಲಿ.

ಮತ್ತೆ ಮೊದಲಿಂದ:
ನಿಮ್ಮ ನೋಟಿಸಿನಲ್ಲಿ ಇದು ವಾಣಿಜ್ಯ ಮಳಿಗೆ,
ಆರ್‌ಸಿಸಿ, ಮುನ್ನೂರ ನಲವತ್ತು ಚದರಡಿ.
ಸಾರ್, ಇದು ಜಗಲಿ. ಮೇಲೆ ತಗಡು.
ಮೊಬೈಲೆತ್ತಿ ತೋರಿಸಿದೆ;
ಮೊಳೆತೂತಿನ ಬಿಸಿಲು ಕ್ಯಾಮೆರಾಗೆ ಹೊಡೆದು
ಅಲ್ಲಿ ಅವರು ಕಣ್ಣು ಕಿರಿದು ಮಾಡಿದರು.

'ಅಳತೆಗೆ ದಾಖಲೆ?'
ಕೊರಳಲ್ಲೇ ಇತ್ತು.
ಗೋಡೆಯಿಂದ ಗೋಡೆಗೆ ನೆಲದ ಮೇಲೆ ಹಾಸಿದೆ,
ರವಿಕೆಗೆ ಎಳೆಯುವ ಚಾಕಿನಲ್ಲೇ ಗೆರೆ ಎಳೆದು:
ಎರಡು ಟೇಪು, ಮೇಲೆ ಮೂವತ್ತಾರು.
ಯಾರದೋ ಚೌಕದಲ್ಲಿ ಕುಕ್ಕರ್ ಕೂಗಿತು.
ಅಡ್ಡಕ್ಕೆ ಬಗ್ಗಿದೆ, ಒಂದು ಟೇಪು,
ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಬಗ್ಗಿದವಳು ಏಳಲಿಲ್ಲ.
ಮೇಲೆ ಮೂವತ್ತಾರು.
ಹದಿಮೂರೆಂಟ್ಲ ನೂರಾ ನಾಲ್ಕು.

ಹನ್ನೆರಡು ವರ್ಷದಿಂದ
ಬೀದಿಯ ಎದೆ, ಸೊಂಟ, ತೋಳು ಬಾಯಿಪಾಠ.
ಕೂತ ಜಾಗದ್ದು ಇವತ್ತೇ ತೆಗೆದದ್ದು.
ಅಳತೆ ಪುಸ್ತಕದಲ್ಲಿ,
ಪದ್ಮಕ್ಕನ ಚೂಡಿದಾರದ ಕೆಳಗೆ,
ನನ್ನ ಹೆಸರು ಹಾಕಿ ಬರೆದೆ.