ಬಿಸಿಲಿಗೆ ಅಳತೆ

ಜೂನಿನ ಮೊದಲ ಗಾಳಿಗೇ ಗುಲ್‌ಮೊಹರ್ ಅಡ್ಡಬಿತ್ತು,
ಕಂಪೌಂಡು ದಾಟಿ, ದಾಮ್ಸಾಡೇಕರರ ಸ್ಕೂಟರಿನ ಮೇಲೆ.
ಬೇರು ಒಂದು ಮೊಳವೂ ಇಳಿದಿರಲಿಲ್ಲ;
ಕೋಡಿಬಾಗದ ಉಸುಕಿನ ಮೇಲೆ ಚಾಪೆ ಹಾಸಿಕೊಂಡು
ಮೂವತ್ತೆರಡು ವರ್ಷ ನಿಂತಿತ್ತು.

ಅಕ್ಟೋಬರಿನಲ್ಲಿ ಮೋಡ ಸರಿದದ್ದೇ
ಬಿಸಿಲು ನೇರ ಬಂದು ನನ್ನ ಹೊಲಿಗೆ ಮಷೀನಿನ ಮೇಲೆ ಕೂತಿತು.
ಸದಾಶಿವಗಡದ ಮದುಮಗಳ ಕೆಂಪು ರೇಷ್ಮೆ ರವಿಕೆ,
ನಾಲ್ಕೇ ದಿನಕ್ಕೆ ಒಂದು ತೋಳು ಬಿಳಿಚಿತು.
ಕೈಯಿಂದ ದುಡ್ಡು ಹಾಕಿ ಇನ್ನೊಂದು ಹೊಲಿದುಕೊಟ್ಟೆ.

ಆಮೇಲೆ ಟೇಪು ಹಿಡಿದು ಅಂಗಳಕ್ಕಿಳಿದೆ.
ಎಂಟಕ್ಕೆ ಬಾವಿಕಟ್ಟೆ, ಹತ್ತಕ್ಕೆ ತುಳಸಿ,
ಒಂದಕ್ಕೆ ನಡು ಅಂಗಳ,
ಐದಾದರೂ ಪಡುವಣ ಗೋಡೆ ಬಿಟ್ಟು ಕದಲದು.
ಚಿರೇಕಲ್ಲಿನ ಮೇಲೆ ಗುರುತು ಹಾಕಿದ್ದು
ಬಟ್ಟೆಗೆ ಹಾಕುವ ಅದೇ ನೀಲಿ ಸೀಮೆಸುಣ್ಣದಿಂದ.
ಉಪ್ಪುಗಾಳಿಗೆ ಟೇಪಿಲ್ಲ,
ಕಿಟಕಿಯ ಸರಳು ನೆಕ್ಕಿ ನೋಡಿದೆ.

ಸಲಹೆಗೆ ನಮ್ಮ ಓಣಿಯಲ್ಲಿ ಬರವಿಲ್ಲ.
ಮೈದುನ ಸುಹಾಸ ಪಾಮ್ ಅಂದ,
ದೊಡ್ಡವರ ಗೇಟಿನ ಆಚೀಚೆ ಇರುತ್ತಲ್ಲ, ಅಂಥದು,
ಗುಡಿಸುವ ಕೆಲಸವಿಲ್ಲ.
ಫಿಲೋಮಿನಾ ಬಾಯಿ, ಗಾಳಿಮರ ನೆಡು, ಅಂದರು,
ಮನೆಯೆದುರು ಒಂದು ಕಡಲಿದ್ದರೂ
ಮೇಲೆ ಇನ್ನೊಂದು ಕಡಲು ಕೇಳಿಸುತ್ತದೆ.
ಆಸೆಯಾಯಿತು, ಸುಳ್ಳು ಹೇಳಲಾರೆ.

ರವಿವಾರದ ಸಂತೆಯಲ್ಲಿ ಗಣಪಿ ಗೌಡ್ತಿ
ಬಸಳೆ ಕಟ್ಟುತ್ತ, ತಲೆಯೆತ್ತದೆ ಕೇಳಿದಳು:
ಗಾಳಿ ಯಾವ ಕಡಿಂದ? ಬಾವಿ ಎಷ್ಟು ದೂರ?
ನಿಂಗೆ ಎಷ್ಟು ವರ್ಸ?
ಐವತ್ತಾರು, ಅಂದೆ.
ಕೊರಳಿನ ಮಣಿಸರದಡಿ ಕೈಯಿಟ್ಟು ಸ್ವಲ್ಪ ಲೆಕ್ಕ ಹಾಕಿದಳು.

ಹೊಳೆದಾಸವಾಳಕ್ಕೆ ಕಾಲು ಒದ್ದೆ ಇರಬೇಕು.
ಮುರುಗಲು ಎಳವೆಯಲ್ಲಿ ಇನ್ನೊಬ್ಬರ ನೆರಳು ಬೇಡುತ್ತದೆ.
ಹೊನ್ನೆ ಉಪ್ಪಿಗೆ ಅಂಜದು, ಬಿಸಿಲಿಗೂ ಅಂಜದು,
ಅದರ ಬೀಜದೆಣ್ಣೆಯಲ್ಲೇ ಅಲ್ವೇನೆ ಅಜ್ಜಂದಿರ ದೀಪ ಉರಿದದ್ದು,
ಆದ್ರೆ ನಿನ್ನ ಅಂಗ್ಳ ತಿಂದು, ಅಡುಗೆಮನೆಗೂ ಕೈ ಹಾಕ್ತದೆ.
ಸುರಗಿ ಇಡು.
ತಡೀತದೆ. ಹೂ ಮಾತ್ರ ನಿಂಗೆ ಎಪ್ಪತ್ತಾದ ಮೇಲೆ.

ಗಂಡೋ ಹೆಣ್ಣೋ ಹೇಗೆ ತಿಳಿಯೋದು?
ತಿಳೀದೆ ಇದ್ರೆ ನೀರು ಹಾಕೂದಿಲ್ವಾ?
ಎಂದು ನಕ್ಕು, ಚಿಲ್ಲರೆ ಕೊಟ್ಟಳು.
ಮುಂದಿನ ವಾರ ಬಸಳೆಯ ಬುಟ್ಟಿಯಲ್ಲೇ ತಂದಳು,
ಬೇಲಿಬುಡದಿಂದ ಮಣ್ಣು ಸಮೇತ ಎತ್ತಿದ ಆರೆಲೆಯ ಗಿಡ.

ಈ ನೆಲದ್ದೇ ಮರ ಬೇಕೆಂದು ನಾನು ಯಾಕೆ ಹಟ ಹಿಡಿದೆನೋ.
ನಾನೇ ಹಳಿಯಾಳದ ಗದ್ದೆಬಯಲಿನವಳು,
ಘಟ್ಟವಿಳಿಯುವಾಗ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಬಂದವಳು;
ಕೊಂಕಣಿ ಈಗಲೂ ನನ್ನ ನಾಲಗೆಯಲ್ಲಿ ಎಡವುತ್ತದೆ.
ನಾನು ಬಂದ ವರ್ಷವೇ ಮಾವ ಗುಲ್‌ಮೊಹರ್ ನೆಟ್ಟದ್ದು.
ಅದರ ತುಂಡುಗಳನ್ನು ಬಚ್ಚಲೊಲೆಗೆ ಹಾಕುವಾಗ
ಪರದೇಶಿ ಎಂದು ಬೈಯಲು ಬಾಯಿ ಬರಲಿಲ್ಲ.
ಮೇ ತಿಂಗಳಲ್ಲಿ ಎಷ್ಟು ಕೆಂಪಗಿರುತ್ತಿತ್ತು.

ಸುರಗಿಯನ್ನು ಗೋಡೆಯಿಂದ ಹದಿನಾಲ್ಕು ಅಡಿ ಬಿಟ್ಟು ಇಟ್ಟೆ,
ಒಂದು ಗಂಟೆಯ ಬಿಸಿಲಿನ ಗೆರೆಯ ಮೇಲೆ.
ಮೂರನೆಯ ದಿನಕ್ಕೆ ಎಲೆತುದಿ ಸುಟ್ಟಿತು.
ಬಿಸಿಲಿಗೆಂದು ತಂದ ಮರ,
ಅದಕ್ಕೇ ಮೊದಲ ಎರಡು ಬೇಸಿಗೆ ನೆರಳು ಮಾಡಬೇಕಂತೆ.
ನಾಲ್ಕು ಬಿದಿರಕೋಲು ಹುಗಿದೆ.
ಲೈನಿಂಗ್ ಬಟ್ಟೆ ಸಾಲದೆ ಹೋಗಿ
ಆ ಬಿಳಿಚಿದ ರವಿಕೆಯನ್ನೇ ಬಿಚ್ಚಿ, ಜೋಡಿಸಿ, ಮೇಲೆ ಕಟ್ಟಿದೆ.

ಈಗ ಮಧ್ಯಾಹ್ನ ಅಲ್ಲೊಂದು ನೆರಳು ಬೀಳುತ್ತದೆ,
ಎರಡು ಗೇಣು, ನಸುಗೆಂಪು.
ಅದು ನನ್ನ ಕಿಟಕಿ ಮುಟ್ಟಲು ಇನ್ನೂ ಹದಿಮೂರು ಅಡಿ.
ಸದ್ಯಕ್ಕೆ
ಮಷೀನನ್ನೇ ಸ್ವಲ್ಪ ಸರಿಸಿಕೊಂಡಿದ್ದೇನೆ.