ಗದಗ ೨೩

ಹಳದಿ ಅಂದ್ರ ರಾಷ್ಟ್ರೀಯ, ಹಸರು ಅಂದ್ರ ರಾಜ್ಯ,
ಹಳ್ಳಿ ದಾರಿಗೆ ಕಿತ್ತಳಿ.
ಜಿಲ್ಲಾ ರಸ್ತೆಗೆ ಕರಿದೋ ನೀಲಿದೋ
ಕಚೇರಿಯೊಳಗ ಒಬ್ಬೊಬ್ರದು ಒಂದೊಂದು ಮಾತು.
ಇಷ್ಟ ನನ್ನ ವಿದ್ಯಾ.
ಮೂವತ್ತೊಂದು ವರ್ಷ ಕಲ್ಲಿನ ತಲಿಗೆ ಬಣ್ಣ ಹಚ್ಚೀನಿ,
ನನ್ನ ತಲಿ ಬೆಳ್ಳಗಾತು, ಅದು ಯಾವ ದರ್ಜೇಕ್ಕೂ ಸೇರಲಿಲ್ಲ.

ಅಣ್ಣಿಗೇರಿಯೊಳಗ, ಹತ್ತಿ ಜಿನ್ನಿನ ಎದುರಿಗೆ,
ಗದಗ ೨೩ ಅನ್ನೋ ಕಲ್ಲು.
ಒಮ್ಮೆ ದಿಲ್ಲಿಯಿಂದ ಹೊಸಾ ನಂಬರ ಬಂತು:
ಅರವತ್ಮೂರು ಇದ್ದದ್ದು ಅರವತ್ತೇಳು.
ಆರನ್ನ ಮುಟ್ಟಲಿಲ್ಲ. ಮೂರರ ಹೊಟ್ಟಿ ಅಳಿಸಿ
ಏಳರ ಕೋಲು ಎಳದೆ. ಅರ್ಧ ಡಬ್ಬಿ ಹಳದಿ ಉಳೀತು,
ಮನಿ ಬಾಗಲಕ್ಕ ಹಚ್ಚಿದೆ.
ಹೆಂಡ್ತಿ ಅಂದ್ಳು, "ಲಾರಿ ಒಳಗ ಬಂದಾವು, ನೋಡ್ರಿ."

ಆ ಕಲ್ಲಿಗೆ ಬೆನ್ನು ಕೊಟ್ಟು ಕಾಶವ್ವನ ಚಾದಂಗಡಿ.
ಅಂಕೋಲಾದ ಮೀನು, ಬಳ್ಳಾರಿಯ ಅದಿರು,
ಅಕಿ ಸ್ಟೋವಿನ ಸಪ್ಪಳಕ್ಕ ಬ್ರೇಕ್ ಹಾಕ್ತಿದ್ವು.
ಅದಿರು ಹಾದ ದಿನ ಹಾಲಿನ ಕೆನಿ ಕೆಂಪು.

ಈ ಬ್ಯಾಸಿಗ್ಯಾಗ ಬೈಪಾಸ್ ಆತು.
ಹೊಸಾ ಹಾದಿ ಎರಿ ಹೊಲ ಸೀಳಿ
ಊರಿಗೆ ಮುಖ ತೋರಸದಂಗ ಹೋತು,
ಹೋಗೂವಾಗ ನಂಬರನ್ನೂ ಉಡಿಯೊಳಗ ಕಟಿಗೊಂಡು ಹೋತು.
ಸಾಹೇಬ್ರು ಹಾಳಿ ಕೊಟ್ರು:
ಊರೊಳಗಿನ ನಾಕು ಕಿಲೋಮೀಟರು ಇನ್ಮ್ಯಾಲೆ ಜಿಲ್ಲಾ ರಸ್ತೆ.
ಕರಿ ಬಣ್ಣ, ಎರಡು ಕೈ.

ಡಬ್ಬಿ ಹಿಡದು ಕುಂತೆ. ಕಾಶವ್ವ ಚಾ ತರಲಿಲ್ಲ.
"ಮಾಬುಸಾಬಣ್ಣ, ಡಾಂಬರು ಹಂಗ ಐತಿ, ತಗ್ಗೂ ಹಂಗ ಅದಾವು.
ರಸ್ತಾ ಏನು ತಪ್ಪು ಮಾಡ್ತು?"
"ನೌಕರಿಯೊಳಗ ಡಿಮೋಶನ್ ಇರ್ತೈತೆವ್ವ," ಅಂದೆ.
ಅಕಿ ಮ್ಯಾಲೆ ಕೈ ಮಾಡಿದ್ಳು. ತಗಡಿನ ಬೋರ್ಡು.
ಎನ್.ಎಚ್. ಟೀ ಸ್ಟಾಲ್.
ಬರದವ ನಾನ. ಕೂಲಿ ಹದಿನೈದು ಚಾ.
"ಇದಕ್ಕ ಯಾರು ಹಾಳಿ ಕೊಟ್ಟಾರ?"

ಹಳದಿ ಬಾಳ ಹಟಮಾರಿ ಬಣ್ಣ,
ಮೂರನೇ ಕೈಗೆ ಮುಚ್ಚಿತು.
ಹಿಂದಿನ ಮೈಯಾಗ, ಅಂಗಡಿ ಕಡೆ,
ಬೆರಳಗಲ ಬಿಟ್ಟೆ.
ಬ್ರಷ್ ಮುಟ್ಟಲಿಲ್ಲ ಅಂತ ಬರಕೊಳ್ಳಿ ಸಾಹೇಬ್ರು.
ಚಾ ಬಂತು. ಸಕ್ಕರಿ ಇರಲಿಲ್ಲ.

ನಾಕು ದಿನದ ಮ್ಯಾಲೆ, ಹೊತ್ತು ಮುಳುಗೂ ಮುಂದ,
ದಾರಿ ತಪ್ಪಿದ ಲಾರಿ ಒಂದು ಬಂತು, ನೆಲ್ಲೂರಿನ ನಂಬರು.
ಡ್ರೈವರ್ ಇಳದ, ಕರಿ ಕಲ್ಲು ನೋಡಿದ, ಬೋರ್ಡು ನೋಡಿದ,
ಮುರುಕು ಕನ್ನಡದಾಗ ಕೇಳಿದ,
"ಹೈವೇ ಎಲ್ಲಿ?"
ಕಾಶವ್ವ ಸ್ಟೋವಿಗೆ ಪಂಪ್ ಹೊಡಿತಿದ್ಳು.
"ಇಲ್ಲೇ ಇತ್ತು," ಅಂದ್ಳು. "ಕುಂದ್ರು."